ವಿಮಾನದಲ್ಲಿ ಫಿಲ್ಮ್ ರೋಲ್ ಒಯ್ಯುವುದು ಹೇಗೆ? ಮನೆಯಿಂದ ಲ್ಯಾಬ್‌ವರೆಗಿನ ಮಾರ್ಗದರ್ಶಿ

ಫಿಲ್ಮ್ ಕ್ಯಾಮೆರಾ ಮತ್ತೆ ಕೈಗೆತ್ತಿಕೊಂಡವರಿಂದ ಒಂದೇ ಪ್ರಶ್ನೆ ಹತ್ತಾರು ರೂಪದಲ್ಲಿ ಬರುತ್ತಲೇ ಇದೆ. "ಲಡಾಖ್‌ಗೆ ಹೊರಟಿದ್ದೇನೆ, ರೋಲುಗಳನ್ನು ಸೂಟ್‌ಕೇಸಿಗೆ ಹಾಕಲಾ, ಕೈಚೀಲಕ್ಕೆ ಹಾಕಲಾ?" "ಮಗಳ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇವೆ, ಹಳೆಯ ಯಾಷಿಕಾ ಕ್ಯಾಮೆರಾ ಜೊತೆಗಿದೆ, ಎಕ್ಸ್-ರೇಗೆ ರೀಲು ಹಾಳಾಗುತ್ತಾ?" "ಹಿಂದೆಲ್ಲ ಏನೂ ಆಗುತ್ತಿರಲಿಲ್ಲವಲ್ಲ, ಈಗೇನು ಹೊಸದು?"

ಹೊಸದಾಗಿ ಬದಲಾಗಿರುವುದು ಕೈಚೀಲ ತಪಾಸಣೆಯ ಯಂತ್ರ. ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ. ನಾಳೆ ಬೆಳಿಗ್ಗೆಯೇ ವಿಮಾನ ಹತ್ತುವವರು ಇಷ್ಟನ್ನು ಮಾತ್ರ ನೆನಪಿಟ್ಟುಕೊಂಡು ಹೊರಡಿ: ತೊಳೆಸದ, ಅಂದರೆ ಲ್ಯಾಬಿನಲ್ಲಿ ಇನ್ನೂ ಡೆವಲಪ್ ಮಾಡಿಸದ, ಫಿಲ್ಮ್ ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹೋಗಬಾರದು. ಕೈಚೀಲದಲ್ಲೇ ಇರಲಿ, ಪಾರದರ್ಶಕ ಚೀಲದಲ್ಲಿ ಬೇರೆಯಾಗಿ ಇರಲಿ. ಭದ್ರತಾ ತಪಾಸಣೆಯಲ್ಲಿ ಅದನ್ನು ಯಂತ್ರಕ್ಕೆ ಹಾಕದೆ ಕೈಯಿಂದಲೇ ಪರಿಶೀಲಿಸುವಂತೆ ವಿನಯದಿಂದ ಕೇಳಿ.

ಮೊದಲು, ಏನಾಗುತ್ತದೆ ಎಂಬುದು

ಫಿಲ್ಮ್ ಮೇಲಿನ ಲೇಪನದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳು ತೊಳೆದಾಗ ಕಪ್ಪಾಗುತ್ತದೆ. ಎಕ್ಸ್-ರೇ ಕೂಡ ಈ ಹರಳುಗಳ ಮೇಲೆ ಬೆಳಕಿನಂತೆಯೇ ಕೆಲಸ ಮಾಡುತ್ತದೆ. ಬೆಳಕನ್ನು ಡಬ್ಬಿ ತಡೆಯುತ್ತದೆ, ಎಕ್ಸ್-ರೇಯನ್ನು ತಡೆಯುವುದಿಲ್ಲ, ವ್ಯತ್ಯಾಸ ಅಷ್ಟೆ. ಹೀಗೆ ಇಡೀ ಫಿಲ್ಮಿಗೆ ಬೇಡದ ತೆಳು ಕಪ್ಪು ಹತ್ತುವುದನ್ನು ಫಾಗ್ ಎನ್ನುತ್ತಾರೆ. ಪ್ರಿಂಟ್ ಅಥವಾ ಸ್ಕ್ಯಾನ್‌ನಲ್ಲಿ ಅದು ಮಸುಕಾಗಿ ಕಾಣುತ್ತದೆ: ನೆರಳಿನ ಭಾಗ ಕಪ್ಪಾಗಿ ನಿಲ್ಲದೆ ಬೂದು ತಿರುಗುತ್ತದೆ, ಕಣಕಣ ಹೆಚ್ಚಾಗುತ್ತದೆ, ಬಣ್ಣ ವಾಲುತ್ತದೆ. ಫಿಲ್ಮ್ ಸುರುಳಿಯಾಗಿ ಸುತ್ತಿಕೊಂಡಿರುವುದರಿಂದ ಕೆಲವೊಮ್ಮೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲೆಯಂತೆ ಹರಿದುಹೋಗುವ ಪಟ್ಟೆಗಳೂ ಮೂಡುತ್ತವೆ. ಒಮ್ಮೆ ಮೂಡಿದ ಮೇಲೆ ಅದನ್ನು ತೆಗೆಯುವ ದಾರಿ ಇಲ್ಲ.

ಇಲ್ಲಿ ಎರಡು ವಿಷಯ ಮುಖ್ಯ. ಒಂದು, ಐಎಸ್ಒ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಐಎಸ್ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎನ್ನುವ ಅಳತೆ, ಡಬ್ಬದ ಮೇಲೆ 100, 200, 400, 800 ಎಂದು ಅಚ್ಚಾಗಿರುವ ಸಂಖ್ಯೆ. ಕೊಡಕ್ ಎಕ್ಟಾರ್ 100ಕ್ಕಿಂತ ಪೋರ್ಟ್ರಾ 800 ಬೇಗ ಮಸುಕಾಗುತ್ತದೆ. ಇಲ್ಫರ್ಡ್ ಡೆಲ್ಟಾ 3200, ಕೊಡಕ್ ಟಿ-ಮ್ಯಾಕ್ಸ್ ಪಿ3200 ಇನ್ನೂ ಬೇಗ. ಎರಡು, ಪರಿಣಾಮ ಕೂಡುತ್ತಾ ಹೋಗುತ್ತದೆ. ಹೋಗುವಾಗ ಒಮ್ಮೆ, ನಡುವೆ ವಿಮಾನ ಬದಲಿಸುವಾಗ ಒಮ್ಮೆ, ಬರುವಾಗ ಮತ್ತೆರಡು ಸಲ ಯಂತ್ರ ದಾಟಿದರೆ ನಾಲ್ಕರ ಪ್ರಭಾವವೂ ಅದೇ ಫಿಲ್ಮಿನ ಮೇಲೆ ಸೇರಿಕೊಳ್ಳುತ್ತದೆ.

ತೊಳೆದು ಆದ ನೆಗೆಟಿವ್‌ಗೆ, ಪ್ರಿಂಟ್‌ಗೆ, ಡಿಜಿಟಲ್ ಕ್ಯಾಮೆರಾಕ್ಕೆ, ಮೆಮೊರಿ ಕಾರ್ಡಿಗೆ ಇದ್ಯಾವ ಅಪಾಯವೂ ಇಲ್ಲ. ನಾವು ನಡೆದು ದಾಟುವ ಲೋಹ ಪತ್ತೆಯ ಚೌಕಟ್ಟು, ಸಿಬ್ಬಂದಿ ಕೈಯಲ್ಲಿ ಹಿಡಿದು ಸವರುವ ಡಿಟೆಕ್ಟರ್, ಸ್ಫೋಟಕದ ಕಣ ಪತ್ತೆಗೆ ಬಟ್ಟೆಯ ತುಂಡಿನಿಂದ ಒರೆಸಿ ನೋಡುವ ಪರೀಕ್ಷೆ, ಇವು ಯಾವುವೂ ಫಿಲ್ಮಿಗೆ ಹಾನಿ ಮಾಡುವುದಿಲ್ಲ.

1. ಯಂತ್ರಗಳ ಗುರುತು ಹಿಡಿಯಲು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ವಿಮಾನ ನಿಲ್ದಾಣದಲ್ಲಿ ನಿಮ್ಮ ಫಿಲ್ಮ್ ಎದುರಿಸುವುದು ಮೂರು ಬಗೆಯ ಯಂತ್ರಗಳನ್ನು.

ಮೊದಲನೆಯದು ಚೆಕ್-ಇನ್ ಲಗೇಜಿನದು. ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೌಂಟರ್‌ನಲ್ಲಿ ಕೊಟ್ಟ ಸೂಟ್‌ಕೇಸ್ ಬೆಲ್ಟ್ ಮೇಲೆ ಒಳಗೆ ಹೋದ ಮೇಲೆ ಅಲ್ಲಿನ ಯಂತ್ರಗಳು ಅದನ್ನು ಶೋಧಿಸುತ್ತವೆ. ಕಿರಣದ ತೀವ್ರತೆ ಹೆಚ್ಚು, ಅನುಮಾನ ಬಂದರೆ ಅದೇ ಜಾಗವನ್ನು ಮತ್ತೆ ಶೋಧಿಸುವುದೂ ಉಂಟು. ಐಎಸ್ಒ 100ರ ಫಿಲ್ಮಿಗೂ ಇಲ್ಲಿ ರಕ್ಷಣೆ ಇಲ್ಲ.

ಎರಡನೆಯದು ಕೈಚೀಲದ ಹಳೆಯ ಬಗೆಯ ಎಕ್ಸ್-ರೇ. ಗಿಡ್ಡ ಸುರಂಗ, ಎರಡೂ ತುದಿಗೆ ಇಳಿಬಿದ್ದ ಕಪ್ಪು ರಬ್ಬರ್ ಪಟ್ಟಿಗಳ ಪರದೆ. ಲ್ಯಾಪ್‌ಟಾಪ್ ಹೊರತೆಗೆದು ಬೇರೆ ಟ್ರೇನಲ್ಲಿಡಿ ಎನ್ನುತ್ತಾರೆ. ಇದರಲ್ಲಿ ಚೀಲ ಒಮ್ಮೆ ಹಾದುಹೋಗುತ್ತದೆ, ಚಪ್ಪಟೆ ಚಿತ್ರ ಸಿಗುತ್ತದೆ. ಐಎಸ್ಒ 400 ಹಾಗೂ ಅದಕ್ಕಿಂತ ಕಡಿಮೆಯ ಫಿಲ್ಮ್ ಇದನ್ನು ಕೆಲವು ಸಲ ದಾಟಿದರೂ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದಿಲ್ಲ. ಐದು ಸಲಕ್ಕಿಂತ ಹೆಚ್ಚಾಗದಿರಲಿ ಎನ್ನುವುದು ಬಹುಕಾಲದಿಂದ ರೂಢಿಯಲ್ಲಿರುವ ಲೆಕ್ಕ. 800ರ ಫಿಲ್ಮನ್ನು ಇದಕ್ಕೂ ಹಾಕದಿರುವುದು ಒಳ್ಳೆಯದು, 3200ರದನ್ನು ಹಾಕಲೇಬಾರದು. "ಹಿಂದೆಲ್ಲ ಏನೂ ಆಗುತ್ತಿರಲಿಲ್ಲ" ಎನ್ನುವವರ ಅನುಭವ ಈ ಯಂತ್ರದ್ದು, ಮತ್ತು ಅದು ನಿಜ.

ಮೂರನೆಯದೇ ತೊಂದರೆಯ ಮೂಲ: ಸಿಟಿ ಸ್ಕ್ಯಾನರ್. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸುತ್ತಾರಲ್ಲ, ತಂತ್ರ ಅದೇ. ಎಕ್ಸ್-ರೇ ಮೂಲ ಚೀಲದ ಸುತ್ತ ತಿರುಗುತ್ತಾ ನೂರಾರು ಕೋನಗಳಿಂದ ಚಿತ್ರ ತೆಗೆಯುತ್ತದೆ. ಸಿಬ್ಬಂದಿ ಪರದೆಯ ಮೇಲೆ ಚೀಲವನ್ನು ಮೂರು ಆಯಾಮದಲ್ಲಿ ಹೊರಳಿಸಿ ನೋಡಬಹುದು. ಭದ್ರತೆಗೆ ಇದು ಒಳ್ಳೆಯದೇ. ಆದರೆ ಫಿಲ್ಮಿಗೆ ಒಂದೇ ಸಲಕ್ಕೆ ತಾಗುವ ಕಿರಣದ ಪ್ರಮಾಣ ಬಹಳ ಹೆಚ್ಚು. ಫಿಲ್ಮ್ ತಯಾರಿಸುವ ಕೊಡಕ್, ಇಲ್ಫರ್ಡ್ ಎರಡೂ ತೊಳೆಸದ ಫಿಲ್ಮನ್ನು ಸಿಟಿ ಯಂತ್ರಕ್ಕೆ ಹಾಕಬೇಡಿ ಎಂದೇ ಹೇಳುತ್ತವೆ. ತೆಗೆದ ಕೂಡಲೇ ಚಿತ್ರ ಮೂಡುವ ಇನ್ಸ್ಟಾಕ್ಸ್ ಹಾಳೆ ತಯಾರಿಸುವ ಫ್ಯೂಜಿಫಿಲ್ಮ್ ಸಲಹೆಯೂ ಇದೇ.

ಗುರುತು ಹಿಡಿಯುವುದು ಹೀಗೆ. ಸಿಟಿ ಯಂತ್ರ ಗಾತ್ರದಲ್ಲಿ ದೊಡ್ಡದು, ಉದ್ದ, ಮೈ ನುಣುಪಾದ ಬಿಳಿ ಅಥವಾ ತಿಳಿ ಬೂದು ಹೊದಿಕೆಯದು. ಟ್ರೇಗಳು ಸಾಮಾನ್ಯವಾಗಿ ಕೆಳಗಿನಿಂದ ತಾವಾಗಿಯೇ ಎದ್ದು ಬರುತ್ತವೆ, ತಾವಾಗಿಯೇ ಸಾಗುತ್ತವೆ. ಯಂತ್ರದ ಪಕ್ಕದಲ್ಲಿ ಸ್ಮಿತ್ಸ್ ಡಿಟೆಕ್ಷನ್ ಸಂಸ್ಥೆಯ 'ಸಿಟಿಐಎಕ್ಸ್' ಎಂಬ ಹೆಸರು ಕಂಡರೆ ಅದು ಸಿಟಿಯೇ. ಅದೇ ಸಂಸ್ಥೆಯ 'ಎಟಿಐಎಕ್ಸ್' ಹಳೆಯ ಬಗೆಯದು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ನೋಡಿಕೊಳ್ಳಿ. ಇನ್ನೊಂದು ಸುಲಭದ ಸುಳಿವು: "ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ" ಎಂದರೆ ಅದನ್ನು ಸಿಟಿ ಎಂದೇ ತಿಳಿದು ನಡೆದುಕೊಳ್ಳಿ. ಇದರ ತಿರುವುಮುರುವು ನಿಜವಲ್ಲ. ಲ್ಯಾಪ್‌ಟಾಪ್ ತೆಗೆಸುವ ಕಡೆಯೂ ಸಿಟಿ ಯಂತ್ರ ಇರಬಹುದು. ಅನುಮಾನ ಬಂದರೆ ಸಿಬ್ಬಂದಿಯನ್ನೇ ಕೇಳಿ, ಹೇಳುತ್ತಾರೆ.

ನಮ್ಮ ದೇಶದಲ್ಲಿ ಸಿಟಿ ಸ್ಕ್ಯಾನರಿಗೆ ಸಿಟಿಎಕ್ಸ್ ಎಂಬ ಹೆಸರು ಬಳಕೆಯಲ್ಲಿದೆ. ದೊಡ್ಡ ನಿಲ್ದಾಣಗಳು ಈ ಯಂತ್ರಕ್ಕೆ ಬದಲಾಗಬೇಕೆಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಸೂಚಿಸಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಇದು ಈಗಾಗಲೇ ಬಂದಿದೆ. ಆದ್ದರಿಂದ ಬೆಂಗಳೂರಿನಿಂದ ಹೊರಡುವವರು ಹಳೆಯ ಅನುಭವವನ್ನು ನಂಬಿ ಕೂರಬೇಡಿ. ಒಂದೇ ನಿಲ್ದಾಣದಲ್ಲಿ ಒಂದು ಸಾಲಿನಲ್ಲಿ ಹಳೆಯದು, ಪಕ್ಕದ ಸಾಲಿನಲ್ಲಿ ಹೊಸದು ಇರುವುದೂ ಉಂಟು. ಹೋದ ವರ್ಷ ಇದ್ದದ್ದು ಈ ವರ್ಷ ಇರಬೇಕೆಂದಿಲ್ಲ. ಪ್ರತಿ ಸಲವೂ ಕಣ್ಣಾರೆ ನೋಡಿಯೇ ನಿರ್ಧರಿಸಬೇಕು.

2. ಮನೆಯಲ್ಲೇ ಪಯಣದ ಯಂತ್ರಗಳನ್ನು ಎಣಿಸಿ

ಕಾಗದ ತೆಗೆದುಕೊಂಡು ಬರೆಯಿರಿ: ಎಲ್ಲೆಲ್ಲಿ ಭದ್ರತಾ ತಪಾಸಣೆ ಇದೆ? ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಲೇಹ್ ಎಂದರೆ ಬರೀ ಒಂದಲ್ಲ. ದೆಹಲಿಯಲ್ಲಿ ಹೊರಗೆ ಬಂದು ಒಂದು ರಾತ್ರಿ ತಂಗಿದರೆ ಮತ್ತೆ ತಪಾಸಣೆ. ವಿದೇಶಕ್ಕಾದರೆ ದುಬೈ, ದೋಹಾ, ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸುವಾಗ ಇನ್ನೊಮ್ಮೆ ತಪಾಸಣೆ ಇರಬಹುದು. ಸಿಂಗಪುರದ ಚಾಂಗಿಯಲ್ಲಿ ಹಲವು ಟರ್ಮಿನಲ್‌ಗಳಲ್ಲಿ ಗೇಟಿನ ಬಾಗಿಲಲ್ಲೇ ತಪಾಸಣೆ ಮಾಡುತ್ತಾರೆ. ಅಬುಧಾಬಿಯಿಂದ ಅಮೆರಿಕಕ್ಕೆ ಹೋಗುವವರಿಗೆ ಅಲ್ಲೇ ಅಮೆರಿಕದ ವಲಸೆ ಪ್ರಕ್ರಿಯೆ ಮುಗಿಯುತ್ತದೆ, ಅದಕ್ಕೊಂದು ಹೆಚ್ಚಿನ ಸಾಲು.

ಇದರ ಜೊತೆಗೆ ಜನ ಮರೆಯುವ ಯಂತ್ರಗಳಿವೆ. ನಮ್ಮ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಚೀಲ ಹಾಕಿ ತೆಗೆಯುತ್ತೇವಲ್ಲ, ಅದೂ ಎಕ್ಸ್-ರೇ ಯಂತ್ರವೇ. ದೆಹಲಿ ಮೆಟ್ರೊದಲ್ಲೂ ಇದೆ. ವಸ್ತುಸಂಗ್ರಹಾಲಯ, ಮಾಲ್, ಸರಕಾರಿ ಕಚೇರಿಗಳಲ್ಲೂ ಇದೆ. ದಿನಾ ಮೆಟ್ರೊದಲ್ಲಿ ಓಡಾಡುವವರು ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ತಿಂಗಳುಗಟ್ಟಲೆ ಒಂದೇ ರೋಲನ್ನು ಮುಗಿಸುತ್ತಿದ್ದರೆ, ವಿಮಾನ ಹತ್ತುವ ಮೊದಲೇ ಆ ರೋಲು ಹತ್ತಾರು ಸಲ ಕಿರಣ ಉಂಡಿರುತ್ತದೆ. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಚೀಲ ಮಾತ್ರ ಯಂತ್ರಕ್ಕೆ ಹಾಕಿ, "ಒಳಗೆ ರೀಲಿದೆ, ಕೈಯಲ್ಲೇ ನೋಡಿ" ಎಂದರೆ ಅಲ್ಲಿ ಬಹಳಷ್ಟು ಸಲ ಒಪ್ಪುತ್ತಾರೆ.

ಪಟ್ಟಿ ಉದ್ದವಾಯಿತೋ, ಆಗ ಯೋಚಿಸಬೇಕಾದ್ದು ಬೇರೆಯೇ: ಇಷ್ಟು ರೋಲು ಒಯ್ಯಲೇಬೇಕೆ? ಜಪಾನಿಗೆ ಹೋಗುವವರು ಟೋಕಿಯೊದ ಯೊಡೊಬಾಶಿ ಕ್ಯಾಮೆರಾದಂಥ ಅಂಗಡಿಗಳಲ್ಲಿ, ನ್ಯೂಯಾರ್ಕಿಗೆ ಹೋಗುವವರು ಬಿ ಅಂಡ್ ಎಚ್‌ನಲ್ಲಿ ಫಿಲ್ಮ್ ಕೊಳ್ಳಬಹುದು. ಅಲ್ಲೇ ಕೊಂಡು, ಅಲ್ಲೇ ತೆಗೆದು, ಅಲ್ಲಿನ ಲ್ಯಾಬಿನಲ್ಲೇ ತೊಳೆಸಿ ಬರೀ ನೆಗೆಟಿವ್ ತಂದರೆ ಯಾವ ಯಂತ್ರದ ಭಯವೂ ಇಲ್ಲ. ಪ್ರಿಂಟು, ಸ್ಕ್ಯಾನು ಊರಿಗೆ ಬಂದ ಮೇಲೆ ಮಾಡಿಸಿಕೊಳ್ಳಿ. ಪಯಣದ ಕೊನೆಯಲ್ಲಿ ಎರಡು ಮೂರು ದಿನ ಒಂದೇ ಊರಿನಲ್ಲಿ ಇರುವವರಿಗೆ ನನ್ನ ಮೊದಲ ಸಲಹೆ ಇದೇ.

ಯಾವ ಐಎಸ್ಒ ಒಯ್ಯಬೇಕೆಂಬುದನ್ನೂ ಈಗಲೇ ನಿರ್ಧರಿಸಿ. ಲಡಾಖ್, ರಾಜಸ್ಥಾನದಂಥ ಧಾರಾಳ ಬಿಸಿಲಿನ ಕಡೆಗೆ 100 ಅಥವಾ 200 ಸಾಕು. ಅವು ಕಿರಣವನ್ನೂ ಹೆಚ್ಚು ತಡೆದುಕೊಳ್ಳುತ್ತವೆ. ಎಚ್‌ಪಿ5 ಅಥವಾ ಟ್ರೈ-ಎಕ್ಸ್ ರೋಲನ್ನು 1600ಕ್ಕೆ ಪುಶ್ ಮಾಡುವವರಿಗೆ ಒಂದು ಎಚ್ಚರಿಕೆ. ಪುಶ್ ಎಂದರೆ ಕಡಿಮೆ ಬೆಳಕಿನಲ್ಲಿ ತೆಗೆದು, ಹೆಚ್ಚು ಹೊತ್ತು ತೊಳೆದು ಚಿತ್ರ ಎಬ್ಬಿಸುವುದು. ಹೆಚ್ಚು ತೊಳೆದಾಗ ಚಿತ್ರದ ಜೊತೆ ಫಾಗ್ ಕೂಡ ಏಳುತ್ತದೆ. ಡಬ್ಬದ ಮೇಲೆ 400 ಎಂದಿದ್ದರೂ ಆ ರೋಲನ್ನು 1600ರದೆಂದೇ ಎಣಿಸಿ ಕಾಪಾಡಿ.

3. ಕ್ಯಾಮೆರಾ ಖಾಲಿ ಮಾಡಿ

ರೋಲು ಕೂತ ಕ್ಯಾಮೆರಾವನ್ನು ಕೈಯಿಂದ ಪರಿಶೀಲಿಸುವುದು ಸಿಬ್ಬಂದಿಗೆ ಕಷ್ಟ. ಒಳಗೇನಿದೆ ಎಂದು ಅವರಿಗೆ ಕಾಣುವುದಿಲ್ಲ. "ಹಿಂದಿನ ಮುಚ್ಚಳ ತೆಗೆದು ತೋರಿಸಿ" ಎಂದರೆ ನಿಮ್ಮ ರೋಲು ಅಲ್ಲೇ ಹೋಯಿತು. ಹಾಗಾಗಿ ನಿಲ್ದಾಣಕ್ಕೆ ಹೊರಡುವ ಮೊದಲೇ ರೋಲು ಮುಗಿಸಿ ತೆಗೆಯುವುದು ಉತ್ತಮ. ಆರೇಳು ಚಿತ್ರ ಉಳಿದಿದ್ದರೆ ಮನೆಯವರದ್ದು ತೆಗೆದು ಮುಗಿಸಿಬಿಡಿ.

ಅರ್ಧ ರೋಲು ಉಳಿದಿದ್ದರೆ? ಹಳೆಯ ಮ್ಯಾನ್ಯುಯಲ್ ಎಸ್‌ಎಲ್‌ಆರ್ ಕ್ಯಾಮೆರಾದವರಿಗೆ ಒಂದು ಉಪಾಯವಿದೆ, ನಿಧಾನವಾಗಿ ಮಾಡಿ:

ಮೊದಲು ಎಣಿಕೆಯ ಕಿಂಡಿಯಲ್ಲಿರುವ ಸಂಖ್ಯೆ ಬರೆದಿಟ್ಟುಕೊಳ್ಳಿ. 17 ಎಂದಿಟ್ಟುಕೊಳ್ಳೋಣ. ಕ್ಯಾಮೆರಾದ ತಳದಲ್ಲಿರುವ ರಿವೈಂಡ್ ಗುಂಡಿ ಒತ್ತಿ, ಮೇಲಿನ ಸಣ್ಣ ಹಿಡಿಕೆ ಬಿಚ್ಚಿ ಬಾಣದ ಗುರುತಿನತ್ತ ಸುತ್ತುತ್ತಾ ಹೋಗಿ. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದುಕೊಳ್ಳಿ. ಬೆರಳಿಗೆ ಒಂದೇ ಸಮನೆ ಬಿಗಿ ಸಿಗುತ್ತಿರುತ್ತದೆ. ಕೊನೆಯಲ್ಲಿ ಬಿಗಿ ಸ್ವಲ್ಪ ಹೆಚ್ಚಾಗಿ, ಫಿಲ್ಮಿನ ತುದಿ ಆ ಬದಿಯ ಸುರುಳಿಯಿಂದ ಕಳಚಿಕೊಂಡ ಮೆಲ್ಲನೆಯ ಸದ್ದು ಕೇಳಿ, ಹಿಡಿಕೆ ಒಮ್ಮೆಗೇ ಹಗುರಾಗುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೂ ಸುತ್ತಿದರೆ ತುದಿ ಡಬ್ಬಿಯೊಳಗೆ ಸೇರಿಬಿಡುತ್ತದೆ. ಈಗ ಮುಚ್ಚಳ ತೆರೆದರೆ ನಾಲಿಗೆಯಂಥ ತುದಿ, ಅಂದರೆ ಲೀಡರ್, ಹೊರಗೇ ಉಳಿದಿರುತ್ತದೆ. ಅಳಿಸದ ಪೆನ್ನಿನಲ್ಲಿ ಅದರ ಮೇಲೆ "17" ಎಂದು ಬರೆಯಿರಿ.

ಊರು ತಲುಪಿದ ಮೇಲೆ ಅದೇ ಕ್ಯಾಮೆರಾಕ್ಕೆ ಅದೇ ರೋಲು ಮಾಮೂಲಿನಂತೆ ಹಾಕಿ. ಲೆನ್ಸ್‌ಗೆ ಮುಚ್ಚಳ ಹಾಕಿ, ಶಟರ್ ಅತಿ ವೇಗಕ್ಕೆ, ಅಪರ್ಚರ್ ಅತಿ ಚಿಕ್ಕದಕ್ಕೆ ಇಟ್ಟು, ಮಂದ ಬೆಳಕಿನಲ್ಲಿ 19 ಬರುವತನಕ ಖಾಲಿ ಕ್ಲಿಕ್ ಮಾಡುತ್ತಾ ಹೋಗಿ. ಎರಡು ಚಿತ್ರದ ಜಾಗ ಬಿಡುವುದು ಏಕೆಂದರೆ ಎರಡನೇ ಸಲ ಹಾಕುವಾಗ ಫಿಲ್ಮ್ ಮೊದಲಿನ ಜಾಗಕ್ಕೇ ಸರಿಯಾಗಿ ಕೂರುವುದಿಲ್ಲ. ಜಾಗ ಬಿಡದಿದ್ದರೆ ಹಳೆಯ ಚಿತ್ರದ ಮೇಲೆ ಹೊಸದು ಹತ್ತುತ್ತದೆ.

ಆಟೊಮ್ಯಾಟಿಕ್ ಕ್ಯಾಮೆರಾಗಳಲ್ಲಿ ನಡುವೆಯೇ ರಿವೈಂಡ್ ಮಾಡುವ ಸಣ್ಣ ಗುಂಡಿ ಇರುತ್ತದೆ, ಪಿನ್ನಿನಿಂದ ಒತ್ತಬೇಕು. ಆದರೆ ಬಹಳಷ್ಟು ಕ್ಯಾಮೆರಾಗಳು ಲೀಡರನ್ನು ಒಳಗೇ ಎಳೆದುಕೊಳ್ಳುತ್ತವೆ. ಅದನ್ನು ಹೊರತೆಗೆಯಲು ಲೀಡರ್ ತೆಗೆಯುವ ಪಟ್ಟಿ ಬೇಕು, ಲ್ಯಾಬಿನವರ ಬಳಿ ಇರುತ್ತದೆ. 120 ರೋಲಿಗೆ, ಅಂದರೆ ಕಾಗದದ ಬೆನ್ನಿರುವ ಅಗಲ ಫಿಲ್ಮಿಗೆ, ಈ ಉಪಾಯ ನಡೆಯುವುದಿಲ್ಲ. 6×6 ಕ್ಯಾಮೆರಾದಲ್ಲಿ ಇರುವುದೇ 12 ಚಿತ್ರ, ಮುಗಿಸಿಬಿಡಿ.

4. ಕಟ್ಟುವ ಬಗೆ

ಬೇಕಾದ್ದು ಇಷ್ಟು: ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಚೀಲ ಎರಡು, ಅಳಿಸದ ಪೆನ್ನು, ಒಂದು ಬಿಳಿ ಕಾಗದ.

35 ಎಂಎಂ ರೋಲುಗಳ ರಟ್ಟಿನ ಡಬ್ಬ ತೆಗೆದುಹಾಕಿ. ಒಳಗಿನ ಪ್ಲಾಸ್ಟಿಕ್ ಡಬ್ಬಿ ಕಪ್ಪಾಗಿದ್ದರೆ ಅದನ್ನೂ ತೆಗೆದು ರೋಲನ್ನು ಮಾತ್ರ ಚೀಲಕ್ಕೆ ಹಾಕಿ. ಪಾರದರ್ಶಕ ಡಬ್ಬಿಯಾದರೆ ಇರಲಿ. ಸಿಬ್ಬಂದಿಗೆ ಒಂದೊಂದನ್ನೂ ಬಿಚ್ಚುವ ಕೆಲಸವಿಲ್ಲದಷ್ಟೂ ಅವರು ಬೇಗ ಒಪ್ಪುತ್ತಾರೆ. 120 ರೋಲುಗಳ ಹೊಳೆಯುವ ಹೊದಿಕೆಯನ್ನು ಒಡೆಯಬೇಡಿ. ಕೇಳಿದರೆ ಮಾತ್ರ ಒಂದನ್ನು ಬಿಚ್ಚಿ ತೋರಿಸಿ, ಅಂಟಿಸಿದ ಕಾಗದದ ಪಟ್ಟಿ ಬಿಚ್ಚದಂತೆ ನೋಡಿಕೊಳ್ಳಿ.

ಒಂದು ಚೀಲದಲ್ಲಿ ಹೊಸ ರೋಲು, ಇನ್ನೊಂದರಲ್ಲಿ ತೆಗೆದಾದ ರೋಲು. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. "ಇಷ್ಟನ್ನೆಲ್ಲ ನೋಡಲಾಗುವುದಿಲ್ಲ" ಎಂದು ಸಿಬ್ಬಂದಿ ಹೇಳಿದರೆ, ಯಾವುದನ್ನು ಬಿಡಬಹುದು ಎಂದು ಆ ಕ್ಷಣದಲ್ಲಿ ನೀವು ತೀರ್ಮಾನಿಸಬೇಕಾಗುತ್ತದೆ. ಹೊಸ ರೋಲು ಹಾಳಾದರೆ ದುಡ್ಡು ಹೋಯಿತು, ಮತ್ತೆ ಕೊಳ್ಳಬಹುದು. ಅಜ್ಜಿಯ ತೊಂಬತ್ತರ ಹುಟ್ಟುಹಬ್ಬದ ರೋಲು ಮತ್ತೆ ಸಿಗುವುದಿಲ್ಲ. ತೆಗೆದಾದ ರೋಲು ಮತ್ತು ಹೆಚ್ಚಿನ ಐಎಸ್ಒ ರೋಲು ಮೊದಲು, ಉಳಿದದ್ದು ಆಮೇಲೆ.

ಬಿಳಿ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ "ತೊಳೆಸದ ಫೋಟೋ ಫಿಲ್ಮ್, ಐಎಸ್ಒ ಇಷ್ಟು, ದಯವಿಟ್ಟು ಕೈಯಿಂದ ಪರಿಶೀಲಿಸಿ" ಎಂದು ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ಬರೆದು ಚೀಲದೊಳಗೆ ಹೊರಗೆ ಕಾಣುವಂತೆ ಇಡಿ. ಹೋಗುವ ದೇಶದ ಭಾಷೆಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಐಎಸ್ಒ ಸಂಖ್ಯೆ ಸುಳ್ಳು ಬರೆಯಬೇಡಿ. ರೋಲಿನ ಮೇಲೆಯೇ ಅಚ್ಚಾಗಿರುತ್ತದೆ, ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಸೀಸದ ಪದರವಿರುವ ಫಿಲ್ಮ್ ಚೀಲಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಪರದೆಯ ಮೇಲೆ ಅದು ಏನೂ ಕಾಣದ ಕಪ್ಪು ಮುದ್ದೆಯಾಗಿ ಮೂಡುತ್ತದೆ. ಸಿಬ್ಬಂದಿ ಚೀಲ ತೆಗೆಸಿ, ಅದರಿಂದ ಫಿಲ್ಮ್ ಹೊರಗೆ ತೆಗೆದು ಮತ್ತೆ ಯಂತ್ರಕ್ಕೆ ಹಾಕಿದರೆ ನಿಮಗೆ ಸಿಕ್ಕಿದ್ದೇನು? ಅದನ್ನು ನಂಬಿ ಫಿಲ್ಮನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದಂತೂ ದೊಡ್ಡ ತಪ್ಪು.

ಜೇಬಿನಲ್ಲಿಟ್ಟುಕೊಂಡು ದಾಟುವ ಪ್ರಯತ್ನವೂ ಬೇಡ. 35 ಎಂಎಂ ಡಬ್ಬಿ ಲೋಹದ್ದು, ಚೌಕಟ್ಟು ಕೂಗುತ್ತದೆ. ಆಮೇಲೆ ನೀವು ಬಚ್ಚಿಟ್ಟವರಾಗುತ್ತೀರಿ, ಕೇಳಿಕೊಂಡವರಾಗುವುದಿಲ್ಲ.

5. ತಪಾಸಣೆಯ ಸಾಲಿನಲ್ಲಿ

ಮಾಮೂಲಿಗಿಂತ ಅರ್ಧ ಗಂಟೆ ಮೊದಲೇ ಬನ್ನಿ. ಮುಖ ನೋಡಿ ಒಳಬಿಡುವ ಡಿಜಿಯಾತ್ರಾ ಇದ್ದರೆ ಬಾಗಿಲು ಬೇಗ ದಾಟಬಹುದು, ಆದರೆ ಮುಂದಿನ ಚೀಲ ತಪಾಸಣೆ ಎಲ್ಲರಿಗೂ ಒಂದೇ. ಬೆಳಗಿನ ಆರರಿಂದ ಎಂಟರ ನೂಕುನುಗ್ಗಲಿನಲ್ಲಿ, ಹಿಂದೆ ಐವತ್ತು ಜನ ನಿಂತಿರುವಾಗ, ಒಬ್ಬರ ರೋಲುಗಳನ್ನು ನಿಧಾನವಾಗಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆಯ್ಕೆ ಇದ್ದರೆ ಮಧ್ಯಾಹ್ನದ ವಿಮಾನ ಹಿಡಿಯಿರಿ.

ಸಾಲಿನಲ್ಲಿ ನಿಂತಾಗಲೇ ಫಿಲ್ಮ್ ಚೀಲ ಕೈಯಲ್ಲಿರಲಿ. ಟ್ರೇ ಇಡುವ ಜಾಗಕ್ಕೆ ಬಂದ ಕೂಡಲೇ, ಉಳಿದ ಸಾಮಾನು ಟ್ರೇಗೆ ಹಾಕುವ ಮೊದಲೇ, ಅಲ್ಲಿರುವ ಸಿಬ್ಬಂದಿಗೆ ತೋರಿಸಿ ಕೇಳಿ. ಟ್ರೇ ಬೆಲ್ಟ್ ಮೇಲೆ ಹೊರಟ ಮೇಲೆ ಕೇಳಿದರೆ ತಡವಾಯಿತು.

ನಮ್ಮ ದೇಶದ ಹೆಚ್ಚಿನ ದೊಡ್ಡ ನಿಲ್ದಾಣಗಳಲ್ಲಿ ಭದ್ರತೆ ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನದು. ಬೆಂಗಳೂರಿನಲ್ಲೂ ಹಲವರಿಗೆ ಕನ್ನಡ ಬಾರದಿರಬಹುದು. ಹಿಂದಿಯಲ್ಲಿ ಹೀಗೆ ಹೇಳಿದರೆ ಸಾಕು: "ಸರ್, ಯೇ ಕ್ಯಾಮೆರಾ ಕಾ ರೀಲ್ ಹೈ. ಎಕ್ಸ್-ರೇ ಸೇ ಖರಾಬ್ ಹೋ ಜಾಯೇಗಾ. ಪ್ಲೀಸ್, ಹಾಥ್ ಸೇ ಚೆಕ್ ಕರ್ ಲೀಜಿಯೇ." 'ರೀಲ್' ಎಂಬ ಮಾತನ್ನೇ ಬಳಸಿ. 'ಫಿಲ್ಮ್' ಎಂದರೆ ಕೆಲವರಿಗೆ ತಕ್ಷಣ ಹೊಳೆಯುವುದಿಲ್ಲ. ಚಿಕ್ಕ ವಯಸ್ಸಿನ ಸಿಬ್ಬಂದಿ ರೋಲನ್ನೇ ಕಂಡಿರಲಿಕ್ಕಿಲ್ಲ. ಕ್ಯಾಮೆರಾ ಖಾಲಿ ಇದ್ದರೆ ಅದರ ಮುಚ್ಚಳ ತೆರೆದು, ರೋಲು ಕೂರುವ ಜಾಗ ತೋರಿಸಿ, "ಇದು ಇಲ್ಲಿ ಕೂರುತ್ತದೆ" ಎಂದು ವಿವರಿಸಿ. ಕ್ಯಾಮೆರಾ ನೋಡಿದ ಮೇಲೆ ಬಹಳ ಜನಕ್ಕೆ ಅರ್ಥವಾಗುತ್ತದೆ.

ಅವರಿಗೆ ಗೊಂದಲವಾದರೆ ಮೇಲಧಿಕಾರಿಯನ್ನು ಕರೆಯುವಂತೆ ಕೋರಿ. ಪಕ್ಕಕ್ಕೆ ಸರಿದು ನಿಂತು, ಹಿಂದಿನವರಿಗೆ ದಾರಿ ಬಿಡಿ. ಕೈಯಿಂದ ಪರಿಶೀಲಿಸಲೇಬೇಕು ಎಂದು ಹಕ್ಕಿನ ಮಾತಾಡಬೇಡಿ. ಇಲ್ಲಿ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಯಂತ್ರ ಬಿಟ್ಟು ಕಳುಹಿಸಿದ ವಸ್ತುವಿನ ಹೊಣೆ ಅವರ ಮೇಲಿರುತ್ತದೆ ಎಂಬುದು ನೆನಪಿರಲಿ.

ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿನ ನಿಯಮದ ಪ್ರಕಾರ ಪ್ರಯಾಣಿಕರು ಫಿಲ್ಮಿಗೆ ಕೈ ತಪಾಸಣೆ ಕೇಳಬಹುದು. ಭದ್ರತೆ ನೋಡಿಕೊಳ್ಳುವ ಟಿಎಸ್ಎ ಕೂಡ ಹಾಗೆಯೇ ಮಾಡಿ ಎನ್ನುತ್ತದೆ. "ಹ್ಯಾಂಡ್ ಚೆಕ್ ಫಾರ್ ಫಿಲ್ಮ್, ಪ್ಲೀಸ್" ಎಂದರೆ ಸಾಕು. ಚೀಲ ತೆಗೆದುಕೊಂಡು ಪಕ್ಕಕ್ಕೆ ಹೋಗಿ, ಡಬ್ಬಿಗಳ ಮೇಲೆ ಬಟ್ಟೆ ಸವರಿ ಸ್ಫೋಟಕದ ಪರೀಕ್ಷೆ ಮಾಡಿ ವಾಪಸು ಕೊಡುತ್ತಾರೆ. ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಯುರೋಪ್, ಬ್ರಿಟನ್, ಗಲ್ಫ್ ದೇಶಗಳಲ್ಲಿ ಒಪ್ಪುವುದು ಬಿಡುವುದು ಎದುರಿಗಿರುವ ಅಧಿಕಾರಿಯ ಮೇಲೆ ನಿಂತಿದೆ. ಲಂಡನ್ನಿನ ಹೀಥ್ರೊ ಸೇರಿ ಬ್ರಿಟನ್ನಿನ ದೊಡ್ಡ ನಿಲ್ದಾಣಗಳು ಸಿಟಿ ಯಂತ್ರಕ್ಕೆ ಬದಲಾಗಿವೆ. ಆ ದಾರಿ ಹಿಡಿಯುವವರು ಕಾಗದದ ಚೀಟಿಯನ್ನು ಮರೆಯಬೇಡಿ.

6. ಒಪ್ಪದಿದ್ದರೆ

ಆಗ ವಾದಕ್ಕೆ ನಿಲ್ಲಬೇಡಿ. ವಿಮಾನ ತಪ್ಪುವುದು ರೋಲು ಮಸುಕಾಗುವುದಕ್ಕಿಂತ ದೊಡ್ಡ ನಷ್ಟ. ಎರಡು ಪ್ರಶ್ನೆ ಮಾತ್ರ ಕೇಳಿ. "ಹಳೆಯ ಎಕ್ಸ್-ರೇ ಯಂತ್ರದ ಸಾಲು ಇದೆಯೇ?" ಇದ್ದರೆ ಅಲ್ಲಿಗೆ ಹೋಗಿ. "ತೆಗೆದಾದ ಈ ಒಂದು ಚೀಲವನ್ನಾದರೂ ನೋಡುತ್ತೀರಾ?" ಇದಕ್ಕೆ ಬಹಳ ಸಲ ಹೂಂ ಎನ್ನುತ್ತಾರೆ.

ಎರಡಕ್ಕೂ ಇಲ್ಲವೆಂದರೆ ಯಂತ್ರಕ್ಕೆ ಹಾಕಿ ಮುಂದೆ ಹೋಗಿ. ಒಂದೇ ಸಲ ಸಿಟಿ ದಾಟಿದ 100, 200ರ ರೋಲಿನಲ್ಲಿ ಚಿತ್ರವೇ ಬರುವುದಿಲ್ಲ ಎಂದೇನಿಲ್ಲ. ಬಿಸಾಡಬೇಡಿ, ತೊಳೆಸಿ. ಎಷ್ಟು ಸಲ, ಯಾವ ಯಂತ್ರ ದಾಟಿತು ಎಂದು ರೋಲಿನ ಮೇಲೆ ಬರೆದಿಡಿ, ಲ್ಯಾಬಿನವರಿಗೂ ತಿಳಿಸಿ. ಆ ರೋಲನ್ನು ಪುಶ್ ಮಾಡಿಸಬೇಡಿ. ಇನ್ನೂ ತೆಗೆಯದ ನೆಗೆಟಿವ್ ರೋಲಾಗಿದ್ದರೆ ಅದಕ್ಕೊಂದು ಪರಿಹಾರವಿದೆ: 400ರದನ್ನು 200 ಎಂದು ಭಾವಿಸಿ ಹೆಚ್ಚು ಬೆಳಕು ಕೊಟ್ಟು ತೆಗೆಯಿರಿ. ನೆರಳಿನ ವಿವರಗಳು ಫಾಗ್‌ಗಿಂತ ಮೇಲೆದ್ದು ನಿಲ್ಲುತ್ತವೆ. ಎಕ್ಟಾಕ್ರೋಮ್‌ನಂಥ ಸ್ಲೈಡ್ ಫಿಲ್ಮಿಗೆ (ನೆಗೆಟಿವ್ ಬದಲು ನೇರವಾಗಿ ನಿಜ ಬಣ್ಣದ ಚಿತ್ರವೇ ಮೂಡುವ ಫಿಲ್ಮು) ಇದು ಬೇಡ, ಬೆಳಕು ಹೆಚ್ಚಾದರೆ ಬಿಳಿಚಿಹೋಗುತ್ತದೆ.

ಕೆಲವು ವಿಶೇಷ ಸಂದರ್ಭಗಳು

ಇನ್ಸ್ಟಾಕ್ಸ್, ಪೋಲರಾಯ್ಡ್: ಇನ್ಸ್ಟಾಕ್ಸ್ ಹಾಳೆ ಐಎಸ್ಒ 800ರದು, ಸಿಟಿಗೆ ಬೇಗ ಸೋಲುತ್ತದೆ. ಪ್ಯಾಕನ್ನು ಮುಚ್ಚಿದ ಹೊದಿಕೆಯಲ್ಲೇ ಒಯ್ಯಿರಿ. ಕ್ಯಾಮೆರಾದಲ್ಲಿ ಪ್ಯಾಕ್ ಇದ್ದಾಗ ಹಿಂದಿನ ಬಾಗಿಲು ತೆರೆಯಲು ಬಿಡಬೇಡಿ, ಒಳಗಿನ ಹಾಳೆಗಳು ಬೆಳಕು ತಗುಲಿ ಹಾಳಾಗುತ್ತವೆ. ಉಳಿದ ಹಾಳೆ ತೆಗೆದು ಮುಗಿಸಿ ಖಾಲಿ ಕ್ಯಾಮೆರಾ ಒಯ್ಯುವುದೇ ವಾಸಿ.

ಒಮ್ಮೆ ಬಳಸಿ ಕೊಡುವ ಕ್ಯಾಮೆರಾ: ಕೊಡಕ್ ಫನ್‌ಸೇವರ್‌ನಂಥವುಗಳ ಒಳಗೆ ಇರುವುದು 800ರ ಫಿಲ್ಮು. ಅದನ್ನು ಬಿಚ್ಚಿ ತೋರಿಸಲಾಗುವುದಿಲ್ಲ. ಕ್ಯಾಮೆರಾ ಎಂದು ಸೂಟ್‌ಕೇಸಿಗೆ ಹಾಕಿಬಿಡುವವರೇ ಹೆಚ್ಚು. ಹಾಕಬೇಡಿ, ಫಿಲ್ಮಿನ ಚೀಲಕ್ಕೇ ಸೇರಿಸಿ.

ಶೀಟ್ ಫಿಲ್ಮ್: 4×5 ಹಾಳೆಗಳ ಡಬ್ಬ ಬೆಳಕಿನಲ್ಲಿ ತೆರೆದರೆ ಮುಗಿಯಿತು. ಡಬ್ಬದ ಮೇಲೆ ಎಚ್ಚರಿಕೆ ಬರೆಯಿರಿ, ಚೇಂಜಿಂಗ್ ಬ್ಯಾಗ್ ಜೊತೆಗಿರಲಿ. ಅದು ತೋಳು ತೂರಿಸಿ ಒಳಗೆ ಕತ್ತಲಲ್ಲಿ ಫಿಲ್ಮ್ ಮುಟ್ಟುವ ಕಪ್ಪು ಬಟ್ಟೆಯ ಚೀಲ. ಡಬ್ಬದೊಳಗೆ ಏನಿದೆ ಎಂದು ಸಿಬ್ಬಂದಿ ತಡವಿ ನೋಡಬೇಕೆಂದರೆ ಅದರೊಳಗೆ ಕೈಹಾಕಿ ನೋಡಬಹುದು.

ತೊಳೆಯುವ ರಾಸಾಯನಿಕ: ಡೆವಲಪರ್, ಫಿಕ್ಸರ್, ಸ್ಟಾಪ್ ಬಾತ್ ವಿಮಾನದಲ್ಲಿ ಒಯ್ಯಬೇಡಿ. ಹೋದ ಕಡೆ ಕೊಳ್ಳಿ.

ಅಂಚೆ, ಕೊರಿಯರ್: "ರೋಲುಗಳನ್ನು ಪಾರ್ಸೆಲ್ ಮಾಡಿಬಿಟ್ಟರೆ?" ಎಂದು ಕೇಳುತ್ತೀರಿ. ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗಳಿಗೂ ಎಕ್ಸ್-ರೇ ಇರುತ್ತದೆ, ಅಲ್ಲಿ ಕೇಳಿಕೊಳ್ಳಲು ನೀವು ಇರುವುದಿಲ್ಲ. ದೇಶದೊಳಗೆ ರಸ್ತೆ ಅಥವಾ ರೈಲಿನ ದಾರಿಯಲ್ಲಿ ಹೋಗುವ ಪಾರ್ಸೆಲ್ ಆದರೆ ಅಪಾಯ ಕಡಿಮೆ.

7. ಇಳಿದ ಮೇಲೆ

ಬಿಸಿಲಲ್ಲಿ ನಿಂತ ಕಾರಿನಲ್ಲಿ ಫಿಲ್ಮ್ ಬಿಡಬೇಡಿ. ಬಿಸಿಯೂ ಫಾಗ್ ತರುತ್ತದೆ, ಬಣ್ಣ ಕೆಡಿಸುತ್ತದೆ. ಫ್ರಿಜ್ಜಿನಲ್ಲಿಟ್ಟ ರೋಲನ್ನು ಮುಚ್ಚಿದ ಚೀಲದಲ್ಲೇ ಹೊರಗಿಟ್ಟು, ಒಂದೆರಡು ಗಂಟೆ ಬಿಟ್ಟು, ತಣುಪು ಪೂರ್ತಿ ಹೋದ ಮೇಲೆ ಬಿಚ್ಚಿ. ಮಂಗಳೂರು, ಕಾರವಾರದಂಥ ಕರಾವಳಿಯ ತೇವದಲ್ಲಿ ತಣ್ಣನೆಯ ಫಿಲ್ಮಿನ ಮೇಲೆ ನೀರು ಕೂರುತ್ತದೆ.

ಊರಿಗೆ ಬಂದ ಕೂಡಲೇ ತೊಳೆಸಿ. ಮುಂದಿನ ಪ್ರವಾಸದಲ್ಲಿ ಉಳಿದ ಚಿತ್ರ ತೆಗೆಯೋಣ ಎಂದು ಅರ್ಧ ರೋಲನ್ನು ಕ್ಯಾಮೆರಾದಲ್ಲೇ ಬಿಟ್ಟರೆ ಅದು ಮತ್ತೆ ಅಷ್ಟೂ ಯಂತ್ರಗಳನ್ನು ದಾಟಬೇಕಾಗುತ್ತದೆ. ನೆಗೆಟಿವ್ ಕೈಗೆ ಬಂದಾಗ ಕಿಟಕಿಯ ಬೆಳಕಿಗೆ ಹಿಡಿದು ಚಿತ್ರಗಳ ನಡುವಿನ ಖಾಲಿ ಜಾಗವನ್ನು ನೋಡಿ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಅದು ತಿಳಿಯಾಗಿರಬೇಕು, ಬಣ್ಣದ್ದರಲ್ಲಿ ಒಂದೇ ಸಮನಾದ ಕಿತ್ತಳೆ. ಅಲ್ಲಿ ಬೂದು ಛಾಯೆ ಅಥವಾ ಅಲೆಯಂಥ ಪಟ್ಟೆ ಕಂಡರೆ ಕಿರಣ ತಾಗಿದೆ ಎಂದು ಅನುಮಾನಿಸಬಹುದು. ನೀವು ರೋಲಿನ ಮೇಲೆ ಬರೆದಿಟ್ಟ ಟಿಪ್ಪಣಿಯ ಜೊತೆ ಹೋಲಿಸಿದರೆ ಯಾವ ನಿಲ್ದಾಣದಲ್ಲಿ ಆಗಿದ್ದಿರಬಹುದು ಎಂಬುದೂ ತಿಳಿಯುತ್ತದೆ, ಮುಂದಿನ ಸಲ ಆ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಬಹುದು.